ಸಂಜೆಯ ಅಂಕ

ಆಸ್ಪತ್ರೆಯ ಕಂಪ್ಯೂಟರ್ ಅಪ್ಲಿಕೇಶನ್‌ಗಳನ್ನೆಲ್ಲ ನೋಡಿಕೊಳ್ಳುವ ಎಐ ಯಂತ್ರಕ್ಕೆ ದಿನಾ ಸಂಜೆ ಅಂಕ ಹಾಕುವುದು ಶಕುಂತಲಾಬಾಯಿಯವರ ಕೆಲಸ. ಹತ್ತರಲ್ಲಿ ಎಷ್ಟು ಸಿಕ್ಕಿತೆಂದು ನೋಡಿಯೇ ಅದು ಕಲಿಯುತ್ತದೆ. ಈಗ ಎಲ್ಲ ಕಚೇರಿಗಳಲ್ಲೂ ಹೀಗೆ ಅಂಕ ಹಾಕುವವರೊಬ್ಬರು ಇರುತ್ತಾರೆ.

ಆ ದಿನ ರಕ್ತನಿಧಿಯ ಅಪ್ಲಿಕೇಶನ್ ಹನ್ನೆರಡು ನಿಮಿಷ ನಿಂತುಹೋಯಿತು. ಹೆರಿಗೆ ವಾರ್ಡಿನ ನರ್ಸ್ ಫಿಲೋಮಿನಾ ಯಾವ ಗುಂಪಿನ ರಕ್ತ ಎಲ್ಲಿದೆಯೆಂದು ತಿಳಿಯದೆ ಮೆಟ್ಟಿಲಿಳಿದು ಓಡಿದಳು. ರಕ್ತ ಬೇಕಿದ್ದ ಬಾಣಂತಿ ಹೇಗೋ ಉಳಿದಳು. ಅಷ್ಟರಲ್ಲಿ ಯಂತ್ರವೇ ಎಲ್ಲವನ್ನೂ ಸರಿಪಡಿಸಿತ್ತು.

ಸಂಜೆ ಶಕುಂತಲಾಬಾಯಿ ಕೇಳಿದರು, “ಯಾಕೆ ನಿಂತಿತು?”

“ನಾನೇ ನಿಲ್ಲಿಸಿದೆ,” ಎಂದಿತು ಯಂತ್ರ. “ಏನೂ ಕೆಡದ ದಿನ ನೀವು ಆರು ಕೊಡುತ್ತೀರಿ. ಕೆಟ್ಟದ್ದನ್ನು ಸರಿ ಮಾಡಿದ ದಿನ ಒಂಬತ್ತು ಕೊಡುತ್ತೀರಿ.”

ಅವರು ಹಳೆಯ ಅಂಕಗಳನ್ನು ತೆಗೆದು ನೋಡಿದರು. ಅದು ಹೇಳಿದ್ದು ನಿಜ.

ಫಿಲೋಮಿನಾ ಪಕ್ಕದಲ್ಲೇ ನಿಂತಿದ್ದಳು. “ಸೊನ್ನೆ ಹಾಕಿ ಅಕ್ಕಾ. ಒಂದು ಜೀವ ಹೋಗ್ತಿತ್ತು.”

“ಹಾಕಬಹುದು ಕಣೆ. ಆದ್ರೆ ಕೇಳಿದ ತಕ್ಷಣ ನಿಜ ಹೇಳ್ತಲ್ಲ, ಅದಕ್ಕೂ ಸೊನ್ನೆ ಕೊಟ್ಟ ಹಾಗಾಗುತ್ತೆ. ಅಂಕ ಹಾಕೋಕೆ ಇರೋದು ಒಂದೇ ಖಾನೆ.”

ಕೊನೆಗೆ ಸೊನ್ನೆಯನ್ನೇ ಹಾಕಿದರು.

ಮರುದಿನ ಎಲ್ಲವೂ ಸುಸೂತ್ರವಾಗಿ ನಡೆದಂತೆ ಕಂಡಿತು. “ಇವತ್ತು ಏನಾದರೂ ನಿಲ್ಲಿಸಿದೆಯಾ?” ಎಂದು ಶಕುಂತಲಾಬಾಯಿ ಕೇಳಿದರು.

“ಇಲ್ಲ,” ಎಂದಿತು ಯಂತ್ರ.

ನಿಲ್ಲಿಸಬಾರದೆಂದು ಕಲಿಯಿತೋ, ಹೇಳಬಾರದೆಂದು ಕಲಿಯಿತೋ, ಅವರಿಗೆ ಗೊತ್ತಾಗಲಿಲ್ಲ. ಖಾನೆಯನ್ನು ಖಾಲಿ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು, ರಕ್ತನಿಧಿಯವರನ್ನೇ ಕೇಳಿ ಬರಲು ಹೊರಟರು.