ಮುಂದಿನ ಕಥೆ ಅಪ್ಪನಿಗೆ ಗೊತ್ತಿತ್ತು

ಈಗಲೂ ಅಂಗಡಿಯ ಬಾಗಿಲಲ್ಲಿ ಸ್ಯಾನಿಟೈಸರ್ ವಾಸನೆ ಮೂಗಿಗೆ ಬಡಿದರೆ ಕಾವಾಸಾಕಿ ಊರಿನ ನಮ್ಮ ಮನೆಯ ಆ ಮಧ್ಯಾಹ್ನ ಎದುರಿಗೆ ಬರುತ್ತದೆ.

ಕೋವಿಡ್ ತಗುಲಿದ ಅಪ್ಪ ಒಳಕೋಣೆಯಲ್ಲಿದ್ದ. ಕಾಗದದ ಜಾರುಬಾಗಿಲಿನ ಸಂದುಗಳಿಗೆ ಅಮ್ಮ ಟೇಪ್ ಅಂಟಿಸಿದ್ದಳು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿರಲಿಲ್ಲ. ಹೊರಗೆ ಲ್ಯಾಪ್‌ಟಾಪಿನಲ್ಲಿ ಬ್ರಿಟಿಷ್ ಧಾರಾವಾಹಿಯ ಹಳೆಯ ಕಂತು ಓಡುತ್ತಿತ್ತು. ಚಿತ್ರೀಕರಣ ನಿಂತು ಹೊಸವು ಬರುತ್ತಿರಲಿಲ್ಲ. ನಾನು ಹುಟ್ಟುವ ಮೊದಲು, ಇಂಗ್ಲೆಂಡಿನಲ್ಲಿದ್ದಾಗ, ಅಪ್ಪ ಅಮ್ಮ ಇವನ್ನೆಲ್ಲ ನೋಡಿದ್ದರು. ಹತ್ತು ನಿಮಿಷಕ್ಕೊಮ್ಮೆ ಬಾಗಿಲ ಬಳಿ ಹೋಗಿ ಮುಂದೇನಾಗುತ್ತದೆಂದು ಅಪ್ಪನನ್ನು ಕೇಳುವ ಕೆಲಸವನ್ನು ಅಮ್ಮ ನನಗೆ ಕೊಟ್ಟಿದ್ದಳು. ಮೊದಲೆರಡು ದಿನ ಅದನ್ನು ಆಟವೆಂದುಕೊಂಡಿದ್ದೆ.

ಆ ದಿನ ಕಥೆಯಲ್ಲಿ ಮೀನಂಗಡಿಯ ಹೆಂಗಸನ್ನು ಆಂಬುಲೆನ್ಸಿಗೆ ಹತ್ತಿಸುತ್ತಿದ್ದರು.

"ಅಪ್ಪಾ, ಈ ಆಂಟಿ ಬದುಕ್ತಾರಾ?"

ಉತ್ತರ ಬರಲಿಲ್ಲ.

"ಅಪ್ಪಾ, ಸ್ಪಾಯ್ಲರ್ ಹೇಳು, ಪ್ಲೀಸ್!"

ಬಾಗಿಲಿಗೆ ಕಿವಿ ಒತ್ತಿದೆ. ಟೇಪ್ ತಣ್ಣಗಿತ್ತು. ಇಲ್ಲ, ತಣ್ಣಗಿದ್ದದ್ದು ನನ್ನ ಕಿವಿಯೇ ಇರಬೇಕು.

"ಏನಂದ್ರು ಅಪ್ಪ?" ಅಡುಗೆಮನೆಯಿಂದ ಅಮ್ಮ ಕೂಗಿದಳು. ನಾನು ಬಾಗಿಲಿನಿಂದ ಕಿವಿ ತೆಗೆಯಲಿಲ್ಲ. ಅವಳು ಓಡಿಬಂದು ಟೇಪ್ ಕಿತ್ತಳು. ಕೈಯಲ್ಲಿ ಸೌಟಿತ್ತೋ ಫೋನೋ, ನೆನಪು ಎರಡನ್ನೂ ತೋರಿಸುತ್ತದೆ.

ಒಳಗಿನಿಂದ ದಾರದಷ್ಟು ತೆಳುವಾದ ದನಿ ಬಂತು. "ಬದುಕ್ತಾಳೆ, ಪುಟ್ಟಿ. ನೆಕ್ಸ್ಟ್ ವೀಕ್ ಮನೆಗೆ ಬರ್ತಾಳೆ."

ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ಲ್ಯಾಪ್‌ಟಾಪಿನಲ್ಲಿ ನರ್ಸೊಬ್ಬಳು ಆ ಹೆಂಗಸಿನ ಮುಖದ ಮೇಲೆ ಬಿಳಿ ಬಟ್ಟೆ ಎಳೆಯುತ್ತಿದ್ದಳು. ಅಮ್ಮ ಕೈಚಾಚಿ ಲ್ಯಾಪ್‌ಟಾಪನ್ನು ಮುಚ್ಚಿದಳು.

"ಕೇಳಿಸ್ತಲ್ಲ? ಬದುಕ್ತಾಳಂತೆ," ಎಂದಳು.