ಹೊಸ ಇಂಜಿನ್ನನ್ನು ಮನೆ ತುಂಬಿಸಿಕೊಂಡದ್ದು

ಕಾರ್ತೀಕದ ಚಳಿ ಹಿಡಿದ ಮೇಲಿನ ಒಂದು ಬೆಳಿಗ್ಗೆ, ನೀಲಗಂಗವ್ವ ಹುಬ್ಬಳ್ಳಿಯ ಮೌಲಾಸಾಬನ ಗ್ಯಾರೇಜಿಗೆ ಬಂದರು. ಅವರ ಪುಟ್ಟ ಹಳೆಯ ಕಾರು ಏರನ್ನು ತಿಣುಕುತ್ತ ಹತ್ತುತ್ತಿತ್ತೆಂದು ಮೌಲಾಸಾಬ ಹೆಚ್ಚು ಬಲದ ಟರ್ಬೋ ಇಂಜಿನ್ನು ಕೂಡಿಸಿದ್ದ. ಪದ್ಧತಿಯಂತೆ ಕುಂಕುಮ ಹಚ್ಚಿ, ಅಕ್ಕಿ ಚೆಲ್ಲಿ, ಅದನ್ನು ಮನೆ ತುಂಬಿಸಿಕೊಂಡರು. ಆ ಇಂಜಿನ್ನು ಕಾರಿನಲ್ಲಿರಲು ಒಪ್ಪದಿದ್ದರೆ ಕಾರು ಗುಜರಿಗೆ ಹೋಗಬೇಕಿತ್ತು.

ಗಲ್ಲಿಯ ಒಂದು ಸುತ್ತು ಹೊಡೆದು ಬಂದು ಇಂಜಿನ್ನು ನಿಂತೇಬಿಟ್ಟಿತು.

"ಈ ಡಬ್ಬಿಯೊಳಗ ನಾ ಇರಂಗಿಲ್ಲ. ಅಕ್ಕಾರು ಕ್ಲಚ್ಚಿನ ಮ್ಯಾಲಿಂದ ಕಾಲ ತಗಿಯಂಗಿಲ್ಲ, ಮೈಯೆಲ್ಲಾ ಉರಿಯಾಕತ್ತೈತಿ," ಎಂದಿತು.

"ನಾಕು ದಿನಾ ಇದ್ದು ನೋಡವಾ," ಎಂದ ಮೌಲಾಸಾಬ.

"ನೀನ ಇರು."

ನೀಲಗಂಗವ್ವನ ಮುಖ ಸಣ್ಣದಾಯಿತು. ಗಂಡ ಸತ್ತ ವರ್ಷ ಅವರು ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲೇ.

ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದ, ಆ ಕಾರಿನಿಂದ ಇಳಿಸಿದ್ದ ಹಳೆಯ ಇಂಜಿನ್ನು ಕೆಮ್ಮಿತು. "ಆಕಿಗೆ ಲಾರಿ ಕಂಡ್ರ ಅಂಜಿಕಿ, ತಂಗಿ. ಅವಾಗ ನೀ ಮೆಲ್ಲಕ ಗುನುಗು, ಕಾಲು ತಾನ ತಗೀತಾಳ."

"ಇಂಥಾ ಅಂಜಿಕಿ ಇನ್ನೂ ಎಷ್ಟ ಅದಾವ?" ಎಂದಿತು ಟರ್ಬೋ.

"ಭಾಳ ಅದಾವ. ಕೂತು ಹೇಳಬೇಕು."

ಟರ್ಬೋ ನೀಲಗಂಗವ್ವನಿಗೆ ಹೇಳಿತು. "ಹಂಗಾರ ಈ ಅಜ್ಜಿನ್ನೂ ಕರಕೊಳ್ರಿ. ನಾ ಒಬ್ಬಾಕಿನ ಬರಂಗಿಲ್ಲ."

ಹೊಸ ಸೊಸೆಯ ಜೊತೆ ಹಿರಿಯರೊಬ್ಬರು ಹೋಗುವುದುಂಟಲ್ಲ ಎನ್ನುತ್ತ ಮೌಲಾಸಾಬ ಹಳೆಯದನ್ನು ಹಿಂದಿನ ಸೀಟಿಗೆ ಎತ್ತಿಟ್ಟು ಸೊಂಟ ಹಿಡಿದುಕೊಂಡ. ಆ ಭಾರಕ್ಕೆ ಟರ್ಬೋ ಕಾರು ಮನೆಯ ದಾರಿಯ ಸೇತುವೆಯ ಏರನ್ನು ಹಿಂದಿನಷ್ಟೇ ನಿಧಾನವಾಗಿ ಹತ್ತಿತು. ದಾರಿಯುದ್ದಕ್ಕೂ ಹಿಂದಿನ ಸೀಟಿನ ಮಾತು ನಿಲ್ಲಲಿಲ್ಲ. ಹೀಗೆ ನೀಲಗಂಗವ್ವ, ಟರ್ಬೋ, ಅಜ್ಜಿ ಮೂವರೂ ಗ್ಯಾರೇಜು ಬಿಟ್ಟು ಮನೆಯತ್ತ ಹೊರಟದ್ದು.