ಲಾಂಡ್ರಿ ಯಜಮಾನಿಯ ಹಟ

ಕೋರ್ಟಿನ ಅಮೀನ ನಾಲ್ಕನೇ ಸಲ ಬಂದಾಗಲೂ ಲಾಂಡ್ರಿಯ ಯಜಮಾನಿ ಇಸ್ತ್ರಿಪೆಟ್ಟಿಗೆ ಕೆಳಗಿಡಲಿಲ್ಲ.

"ಅಮ್ಮಾ, ನಿಮ್ಮ ಮಗ ನಿಮ್ಮ ಹತ್ರಾನೇ ಸಂಬಳಕ್ಕಿದ್ದಾನೆ. ಮಗುವಿನ ಖರ್ಚಿಗೆ ಅದರಲ್ಲಿ ತಿಂಗಳು ತಿಂಗಳು ಹಿಡಿದು ಸೊಸೆಗೆ ಕಳಿಸ್ಬೇಕು ಅಂತ ಆರ್ಡರ್ ಆಗಿ ಎರಡು ವರ್ಷ ಆಯ್ತು. ಒಂದು ಪೈಸೆ ಹೋಗಿಲ್ಲ. ಸ್ಕೂಲ್ ಫೀಸಿಗೆ ಆಯಮ್ಮ ಹಗಲೂ ರಾತ್ರಿ ಹೊಲಿಗೆ ಹಾಕ್ತಿದ್ದಾರೆ."

ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೆ ಒಂದು ಕ್ಷಣ ನಿಂತು ಮತ್ತೆ ಓಡಿತು.

"ಹೋಗೋದೂ ಇಲ್ಲ. ಹಾಗಂತಾನೇ ಬರ್ಕೊಳ್ಳಿ. ಸೈನ್ ಎಲ್ಲಿ ಹಾಕ್ಬೇಕು?"

ಅಮೀನ ತಬ್ಬಿಬ್ಬಾದ. ನೋಟೀಸು ಕಂಡು ಹಿಂಬಾಗಿಲಿನಿಂದ ಓಟ ಕಿತ್ತವರನ್ನು ಅವನು ಬೇಕಾದಷ್ಟು ನೋಡಿದ್ದ. ತಾರೀಕು, ಗಂಟೆ ಸಮೇತ ಸಹಿ ಹಾಕಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಸರಿ ನೋಡುವವರನ್ನು ನೋಡಿರಲಿಲ್ಲ.

"ಕೆಲಸ ಕೊಟ್ಟವರು ಹಿಡೀದಿದ್ರೆ ಪೂರ್ತಿ ಬಾಕಿ ಅವರ ತಲೆಗೇ ಬರತ್ತಮ್ಮಾ."

"ಬರಲಿ."

ಒಳಗೆ ಮಗ ಒಗೆಯುವ ಯಂತ್ರಕ್ಕೆ ಒರಗಿಕೊಂಡು ಬೀಗುತ್ತಿದ್ದ. ತಾಯಿ ಅಂದರೆ ಹೀಗಿರಬೇಕು! ಸಂಬಳ ಮುಟ್ಟಬೇಡ ಎಂದು ಅವನೇ ಹೇಳಿದ್ದ. ಬಾಕಿ ತಲೆಗೆ ಬಂದರೆ ಬರಲಿ, ತನ್ನ ತಲೆಗಲ್ಲವಲ್ಲ. ಅವನು ಕೇಳಿದ್ದಕ್ಕೆ ಆಕೆ ಎಂದೂ ಇಲ್ಲ ಎಂದವಳಲ್ಲ. ಸ್ಕೂಟರ್ ಎಂದ, ಬಂತು. ಅದನ್ನು ಮಾರಿ ತಿಂದ, ಇನ್ನೊಂದು ಬಂತು. ಹೆಂಡತಿ, ಮಗಳನ್ನು ಮನೆಯಿಂದ ಹೊರಗೆ ಹಾಕಿದ ದಿನವೂ ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಈಗ ಅಂಗಡಿಯನ್ನೇ ಮಾರುವ ಮಾತು. ಗಿರಾಕಿ ಸಿಕ್ಕಿದ್ದ. ಮುಂದಿನ ತಿಂಗಳು ಪತ್ರಕ್ಕೆ ಅಮ್ಮನ ಸಹಿ ಬಿದ್ದರೆ ಮುಗಿಯಿತು. ಬೀಳುತ್ತದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆಕೆಗೂ ಇರಲಿಲ್ಲ.

ಅದೇ ವಾರ ಸೊಸೆಯ ದೂರು ಕೋರ್ಟಿಗೆ ಹೋಯಿತು. ವಿಚಾರಣೆಗೆ ಕರೆ ಬಂದ ದಿನ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ವಕೀಲರು ಬೇಕೇ ಎಂದರೆ ಅತ್ತೆ ಬೇಡವೆಂದಳು.

"ನೋಟೀಸು ನಿಮ್ಮ ಕೈ ಸೇರಿರಲಿಲ್ಲವೇನೋ?" ನ್ಯಾಯಾಧೀಶರು ಪಾಪ, ತಪ್ಪಿಸಿಕೊಳ್ಳಲು ದಾರಿ ತೋರಿಸಿದರು.

"ನಾಲ್ಕೂ ಸೇರಿವೆ, ಸ್ವಾಮಿ. ಬೇಕಂತಲೇ ಹಿಡೀಲಿಲ್ಲ."

ಹಿಂದಿನ ಬೆಂಚಿನಲ್ಲಿ ಮಗನಿಗೆ ನಗು ತಡೆಯಲಾಗಲಿಲ್ಲ.

"ಹಾಗಾದರೆ ಬಾಕಿ, ದಂಡ ಎಲ್ಲವನ್ನೂ ನೀವೇ ಕಟ್ಟಬೇಕು."

"ಕೈಯಲ್ಲಿ ಕಾಸಿಲ್ಲ. ಇರೋದು ಅಂಗಡಿ ಒಂದೇ."

ಸೊಸೆ ನೆಲ ನೋಡುತ್ತ, ಅದೇ ಆಗಲಿ ಎಂದಳು. ಎರಡು ಯಂತ್ರಗಳ ಆ ಪುಟ್ಟ ಅಂಗಡಿ ಬಾಕಿಗೆ ಬದಲಾಗಿ ಆರು ವರ್ಷದ ಮೊಮ್ಮಗಳ ಹೆಸರಿಗೆ ಹೋಯಿತು. ಅವಳು ದೊಡ್ಡವಳಾಗುವವರೆಗೆ ಯಾರೂ ಮಾರುವಂತಿಲ್ಲ ಎಂದೂ ಬರೆಸಿದರು.

ಮಗ ಹೊರಗೆ ಬಂದು ಹಾರಾಡಿದ. "ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲಮ್ಮಾ!"

"ಹಿಡೀಬೇಡ ಅಂದಿದ್ದು ನೀನೇ ತಾನೇ, ಮಗಾ? ನಿನ್ನ ಮಾತು ನಾನು ಯಾವತ್ತು ಮೀರಿದೀನಿ?"

ಅವನು ಸ್ಕೂಟರ್ ಒದ್ದು ಹೊರಟುಹೋದ. ಆಕೆ ಮೆಟ್ಟಿಲ ಮೇಲೆ ಕೂತಳು. ಎಷ್ಟೆಂದರೂ ಹೆತ್ತ ಮಗ, ಸ್ಕೂಟರ್ ತಿರುವು ದಾಟುವವರೆಗೂ ಅತ್ತಲೇ ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಸೊಸೆ ಬಂದು ಪಕ್ಕದಲ್ಲೇ ಕೂತಳು. ಅತ್ತೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ನಾನು ಬರ್ಕೊಟ್ಟ ದೂರಲ್ಲಿ 'ಕಲ್ಲೆದೆಯ ಮುದುಕಿ' ಅಂತ ಇತ್ತಲ್ಲ, ಅದನ್ನ ಯಾಕೆ ತೆಗೆದೆ?"

"ಬರೆಯೋಕೆ ಕೈ ಬರ್ಲಿಲ್ಲ, ಅತ್ತೆ."